ಟರ್ಕಿ: ಬಸ್ಸಿನಲ್ಲಿ ಒಂದಷ್ಟು, ಕಾಲ್ನಡಿಗೆಯಲ್ಲಿ ಒಂದಷ್ಟು

ಟರ್ಕಿಯಲ್ಲಿ ಬಸ್ ನಿಲ್ದಾಣಕ್ಕೆ ‘ಒಟೊಗಾರ್’ ಅಂತಾರೆ. ಎಷ್ಟೋ ಕಡೆ ಅದು ಊರಾಚೆ. ಇಳಿದ ಕೂಡಲೇ ಟ್ಯಾಕ್ಸಿ ಹಿಡಿಯಬೇಡಿ. ಬಸ್ಸಿನವರದೇ ‘ಸರ್ವಿಸ್’ ವ್ಯಾನ್ ಊರೊಳಗೆ ಪುಕ್ಕಟೆ ಬಿಡುವುದುಂಟು, ಕೇಳಿ ನೋಡಿ.

ಟಿಕೆಟ್‌ಗೆ ಪಾಸ್‌ಪೋರ್ಟ್ ನಂಬರ್ ಬೇಕು. ಸೀಟುಗಳು ಸಾಮಾನ್ಯವಾಗಿ 2+1, ಅಂದರೆ ಒಂದು ಬದಿಗೆ ಜೋಡಿ, ಇನ್ನೊಂದು ಬದಿಗೆ ಒಂಟಿ. ಒಬ್ಬರೇ ಹೋಗುವವರಿಗೆ ಒಂಟಿ ಸೀಟೇ ಸುಖ. ಅಪರಿಚಿತ ಗಂಡಸು-ಹೆಂಗಸರನ್ನು ಅಕ್ಕಪಕ್ಕ ಕೂರಿಸುವುದಿಲ್ಲವಾದ್ದರಿಂದ, ಖಾಲಿ ಕಂಡ ಸೀಟೂ ಕೆಲವೊಮ್ಮೆ ಬುಕ್ ಆಗುವುದಿಲ್ಲ. ಕಪಡೋಕಿಯಾ ಪ್ರದೇಶಕ್ಕೆ ಹೊರಟರೆ ಟಿಕೆಟ್ ಮೇಲೆ ಪ್ರವಾಸಿಗರು ತಂಗುವ ಊರು ‘ಗೊರೆಮೆ’ ಅಂತಲೇ ಇರಲಿ. ಇಲ್ಲದಿದ್ದರೆ ನಸುಕಿನಲ್ಲಿ ಹತ್ತಿರದ ಪಟ್ಟಣ ನೆವ್‌ಶೆಹಿರ್‌ನಲ್ಲೇ ಇಳಿಸಿಬಿಡುತ್ತಾರೆ, ಅಲ್ಲಿಂದ ಇನ್ನೂ ಹತ್ತು-ಹನ್ನೆರಡು ಕಿ.ಮೀ.

ರಾತ್ರಿ ಬಸ್ ಊಟ-ಚಹಾಕ್ಕೆ ನಿಂತಾಗ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡೇ ಇಳಿಯಿರಿ. ಒಂದೇ ಬಣ್ಣದ ನಾಲ್ಕೈದು ಬಸ್ಸು ಸಾಲಾಗಿ ನಿಂತಿರುತ್ತವೆ. ನಿದ್ದೆಗಣ್ಣಲ್ಲಿ ಯಾವುದು ನಮ್ಮದೋ ಗೊತ್ತಾಗದು. ಶೌಚಾಲಯಕ್ಕೆ ಲಿರಾ ಚಿಲ್ಲರೆ ಜೇಬಿನಲ್ಲಿರಲಿ.

ನಡಿಗೆಗೆ ಲಿಕಿಯನ್ ವೇ. ಫೆತಿಯೆಯಿಂದ ಅಂತಾಲ್ಯದ ಕಡೆಗೆ 500 ಕಿ.ಮೀ.ಗೂ ಮಿಕ್ಕ ಕರಾವಳಿ ದಾರಿ. ಪೂರ್ತಿ ಬೇಡ, ಫೆತಿಯೆ ಬಳಿಯ ಒವಾಜಿಕ್‌ನಿಂದ ಫರಾಲ್ಯಾ, ಕಬಾಕ್ ಕಡೆಗೆ ಎರಡು ದಿನ ಸಾಕು. ಬಂಡೆಗಳ ಮೇಲೆ ಬಿಳಿ-ಕೆಂಪು ಪಟ್ಟಿ ಅಂದರೆ ದಾರಿ ಸರಿ. ಕೆಂಪು ಕತ್ತರಿ ಗುರುತು (X) ಕಂಡರೆ ತಪ್ಪು. ಹತ್ತು ನಿಮಿಷ ಪಟ್ಟಿಯೇ ಕಾಣದಿದ್ದರೆ ಮುಂದೆ ಹೋಗದೆ ಕೊನೆಯ ಗುರುತಿಗೆ ವಾಪಸಾಗಿ. ಮೇಕೆ ಜಾಡುಗಳು ಥೇಟ್ ದಾರಿಯಂತೆಯೇ ಕಾಣುತ್ತವೆ! ಬೇಸಿಗೆಯಲ್ಲಿ ನೀರಿನ ತೊಟ್ಟಿಗಳು ಬತ್ತಿರುತ್ತವೆ, ಮೂರು ಲೀಟರ್ ಹೊರಲೇಬೇಕು. ಏಪ್ರಿಲ್-ಮೇ ಅಥವಾ ಅಕ್ಟೋಬರ್ ಆದರೆ ಬಿಸಿಲಿನ ಕಾಟ ಕಡಿಮೆ. ವಾಪಸಿಗೆ ಕಬಾಕ್‌ನಿಂದ ಫೆತಿಯೆಗೆ ‘ದೋಲ್ಮುಶ್’ ಮಿನಿಬಸ್ ಸಿಗುತ್ತದೆ. ಕೊನೆಯದು ಎಷ್ಟು ಹೊತ್ತಿಗೆ ಅಂತ ಬೆಳಗ್ಗೆಯೇ ವಿಚಾರಿಸಿಕೊಳ್ಳಿ.