ಹಳಿ ಇದ್ರ ಅಂಬಿಗ ಯಾಕ?

ಅವ್ವ ಇಲ್ಲಿಗೆ, ಅಮೆರಿಕಕ್ಕೆ, ಬಂದು ಎರಡು ತಿಂಗಳಾಯಿತು. ಹೋದ ಶನಿವಾರ ಅವಳನ್ನು ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಹುಸಿ ಕಾಡಿನ ನಡುವೆ ಸುತ್ತಾಡಿಸುವ ಜಂಗಲ್ ಕ್ರೂಸ್ ದೋಣಿ ಇನ್ನೇನು ದಡ ಬಿಡಬೇಕು, ಅಷ್ಟರಲ್ಲಿ ಅವ್ವ ಸೊಂಟದ ಸಂಚಿ ಬಿಚ್ಚಿ ಎರಡು ರೂಪಾಯಿಯ ನಾಣ್ಯ ತೆಗೆದಳು. ಹಣೆಗೆ ಒತ್ತಿಕೊಂಡು ನೀರಿಗೆ ಬಿಟ್ಟಳು. ಹೊಳೆ ದಾಟುವಾಗ ಗಂಗವ್ವಗ ಕೈ ಮುಗಿಯದೆ ಅವಳು ಕೂತದ್ದೇ ಇಲ್ಲ.

"ಆಯಿ, ಇದು ಹೊಳಿ ಅಲ್ಲ," ಅಂದ ನನ್ನ ಎಂಟು ವರ್ಷದ ಮಗ. "ಕೆಳಗ ಹಳಿ ಅದ, ಟ್ರೇನಿಗೆ ಇರ್ತದಲ್ಲ, ಹಂಗ. ಬೋಟು ಅದರ ಗುಂಟ ಹೋಗ್ತದ. ದಾರಿ ತಪ್ಪಂಗಿಲ್ಲ."

ಅವ್ವ ಬಗ್ಗಿ ನೀರು ನೋಡಿದಳು. ತಳ ಕಾಣಲಿಲ್ಲ. ಆಮೇಲೆ ಮುಂದೆ ಟೋಪಿ ಹಾಕಿಕೊಂಡು ನಿಂತು ಎಲ್ಲರನ್ನೂ ನಗಿಸುತ್ತಿದ್ದ ಹುಡುಗನನ್ನು ನೋಡಿದಳು.

"ಹಳಿ ಇದ್ರ ಅಂಬಿಗ ಯಾಕ?"

ಮಗನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆ ಮಾತು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ರಾತ್ರಿ ನಾನೂ ಮಗನೂ ಕೂತು ಆ ದೋಣಿಯ ಹಿಂದಿನ ಕಥೆ ಹುಡುಕಿ ಓದಿದೆವು. ಅನಹೈಮಿನ ಆ ಜಾಗ ಮೊದಲು ಕಿತ್ತಳೆ ತೋಟವಾಗಿತ್ತು. 1955ರ ಜುಲೈ 17ರಂದು ಪಾರ್ಕು ತೆರೆದ ದಿನವೇ ಈ ದೋಣಿಯೂ ಶುರುವಾಯಿತು. ದಡದ ಮೇಲೆ ಜೀವಂತ ಪ್ರಾಣಿಗಳೇ ಇರಬೇಕು ಅಂತ ವಾಲ್ಟ್ ಡಿಸ್ನಿಗೆ ಆಸೆಯಿತ್ತಂತೆ. ಹಗಲೊತ್ತು ಅವು ಮಲಗಿರುತ್ತವೆ, ಇಲ್ಲವೇ ಮರೆಯಲ್ಲಿರುತ್ತವೆ, ಬಂದವರ ಕಣ್ಣಿಗೆ ಬೀಳುವುದಿಲ್ಲ ಅಂತ ತಿಳಿದವರು ಹೇಳಿದ ಮೇಲೆ ಯಂತ್ರದ ಪ್ರಾಣಿಗಳನ್ನು ಮಾಡಿಸಿದರು. ಅವನ್ನು ಕಟ್ಟಿದವನು ಬಾಬ್ ಮ್ಯಾಟಿ. ನದಿಯ ರೂಪ ಬರೆದವನು ಹಾರ್ಪರ್ ಗಾಫ್. ಕಾಡು ಬೆಳೆಸುವ ಕೆಲಸ ಬಿಲ್ ಇವಾನ್ಸ್‌ನದು. ಕಾಡು ಬೆಳೆಯಲು ಹೊತ್ತಿಲ್ಲ, ಬಾಗಿಲು ತೆರೆಯುವ ದಿನ ಹತ್ತಿರ ಬಂದಿದೆ. ಅವನು ಕಿತ್ತ ಮರಗಳನ್ನು ತಲೆಕೆಳಗು ನೆಟ್ಟು, ಬೇರನ್ನೇ ಕೊಂಬೆ ಮಾಡಿ ಅದಕ್ಕೆ ಬಳ್ಳಿ ಹಬ್ಬಿಸಿದ. ಕೆಳಗಿನ ಹಳಿ ಕಾಣದಿರಲಿ ಅಂತ ನೀರಿಗೆ ಬಣ್ಣ ಬೆರೆಸಿದರು. ಅವ್ವಗೆ ತಳ ಕಾಣದ್ದು ಅದಕ್ಕೇ.

ನನಗೆ ಹಿಡಿಸಿದ್ದು ಇದರ ಮುಂದಿನ ಕಥೆ. ಜನ ಬಂದರು, ದುಡ್ಡು ಬಂತು ಅಂತ ಅವರು ಕೈ ತೊಳೆದುಕೊಳ್ಳಲಿಲ್ಲ. ಮೊದಮೊದಲು ದೋಣಿಯವನು ಮೇಷ್ಟ್ರಂತೆ ಪಾಠ ಹೇಳುತ್ತಿದ್ದ, ಆಮೇಲೆ ಅದನ್ನು ತಮಾಷೆಯ ಮಾತಿಗೆ ತಿರುಗಿಸಿದರು. 1962ರಲ್ಲಿ ಮಾರ್ಕ್ ಡೇವಿಸ್ ಆನೆಗಳ ಜಳಕದ ಹೊಂಡ ಸೇರಿಸಿದ. ಆ ಆನೆ ಸೊಂಡಿಲೆತ್ತಿ ನೀರು ಉಗುಳಿದಾಗ ನಮ್ಮವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಬುಡಕಟ್ಟು ಜನರನ್ನು ಕಾಡುಮನುಷ್ಯರಂತೆ ತೋರಿಸುತ್ತಿದ್ದ ಬೊಂಬೆಗಳಿದ್ದವು. ಅದು ಸರಿಯಲ್ಲ ಅನ್ನುವ ಮಾತು ಎದ್ದು 2021ರಲ್ಲಿ ಅವನ್ನೂ ತೆಗೆದರು. ತಡವಾಯಿತು, ಆದರೂ ತೆಗೆದರು. ಏಳೆಂಟು ನಿಮಿಷದ ಒಂದು ಹುಸಿ ಹೊಳೆಗೆ ಇಷ್ಟು ವರ್ಷದ ಕಾಳಜಿ!

ದೋಣಿಗಳಿಗೆಲ್ಲ ನದಿಗಳ ಹೆಸರು ಸೇರಿಸಿ ಕರೆಯುತ್ತಾರೆ. ಅಮೆಜಾನ್, ಕಾಂಗೋ, ನೈಲ್, ನಮ್ಮ ಗಂಗೆಯೂ ಇದ್ದಾಳೆ. "ಕೃಷ್ಣಿ ಹೆಸರು ಇಲ್ಲೇನು?" ಅಂತ ಅವ್ವ ಕೇಳಿದಳು. ಇಲ್ಲ ಅಂದಾಗ ಸುಮ್ಮನಾದಳು.

ಕೃಷ್ಣೆ ನಮ್ಮ ಸುರಪುರ ಸೀಮೆಯ ಹೊಳೆ. ಅವ್ವನ ತವರು ಆಚೆ ದಡದ ರಾಯಚೂರು ಸೀಮೆಯಲ್ಲಿ. ರಸ್ತೆ ಹಿಡಿದು ತಿಂಥಣಿ ಬ್ರಿಜ್ ಸುತ್ತಿ ಹೋದರೆ ಒಂದು ದಿನ ಹಾಳು, ಹರಿಗೋಲು ಹತ್ತಿದರೆ ಹೊಳೆ ದಾಟಿದ ಕೂಡಲೇ ಮಾವನ ಹೊಲ. ನಾನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಬಿದಿರಿನ ದೊಡ್ಡ ಬುಟ್ಟಿ ಅದು. ಹಿಂದೆ ತೊಗಲು ಹೊದಿಸುತ್ತಿದ್ದರಂತೆ, ನಾನು ಕಂಡದ್ದು ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ. ಅಂಬಿಗ ಕಾಕಾ ಮೊದಲು ಹರಿಗೋಲು ಬೋರಲು ಹಾಕಿ, ತಳವನ್ನು ಅಂಗೈಯಿಂದ ಸವರುತ್ತ ಸುತ್ತ ಬರುತ್ತಿದ್ದ. ಎಲ್ಲಾದರೂ ಬೆರಳು ತಡೆಯಿತೆಂದರೆ ಅಲ್ಲಿಗೊಂದು ಡಾಂಬರಿನ ಉಂಡೆ ಒತ್ತುತ್ತಿದ್ದ. ಆಮೇಲೆ ಕೂಡಿಸುವುದು. "ಎವ್ವಾ, ನೀ ಈ ಕಡಿ ಬಾ. ಸಾಹುಕಾರ್ರ, ನೀವು ಆ ಕಡಿ ಸರೀರಿ. ಕುರಿ ನಡುವ ಹಾಕ್ರಿ." ತೂಕ ಸಮ ಆಗುವವರೆಗೆ ಹುಟ್ಟು ಮುಟ್ಟುತ್ತಿರಲಿಲ್ಲ. ದಾರಿಯೂ ನೆಟ್ಟಗೆ ಆಚೆ ದಡಕ್ಕಲ್ಲ. ಮೊದಲು ದಡದ ಗುಂಟ ಮೇಲಕ್ಕೆ ಒಯ್ದು, ಅಲ್ಲಿಂದ ಸೆಳವಿಗೆ ಬಿಟ್ಟು, ಓರೆಯಾಗಿ ತಂದು ಬೇಕಾದ ಕಲ್ಲಿಗೇ ಹಚ್ಚುತ್ತಿದ್ದ. ಹಳಿ ಇದ್ದದ್ದು ಅವನ ತಲೆಯಲ್ಲಿ.

ಅವನನ್ನು ನೆನೆದರೆ ನನಗೆ ಹೆಮ್ಮೆ. ಆದರೆ ಈಗ ಇನ್ನೊಂದು ಮಾತೂ ಆಡಲೇಬೇಕು ಅನಿಸುತ್ತದೆ. ಆ ಹರಿಗೋಲಿನಲ್ಲಿ ಒಂದೇ ಒಂದು ಲೈಫ್ ಜಾಕೆಟ್ ಇರಲಿಲ್ಲ. ಇಂತಿಷ್ಟೇ ಜನ ಹತ್ತಬೇಕೆಂದು ಹೇಳುವವರಿರಲಿಲ್ಲ. ಕಾಕಾನ ಕೈ ಮೇಲೆ ಎಲ್ಲ ಭಾರ ಹೊರಿಸಿ ಊರೂ ಸರಕಾರವೂ ನಿಶ್ಚಿಂತೆಯಿಂದ ಇದ್ದವು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟರೆ ನೀಲಕಂಠರಾಯನಗಡ್ಡಿಯ ಸುತ್ತ ಹೊಳೆ ಉಕ್ಕಿ, ಜನ ನಡುಗಡ್ಡೆಯಲ್ಲೇ ಉಳಿಯುತ್ತಿದ್ದ ಸುದ್ದಿಯನ್ನು ವರ್ಷ ವರ್ಷ ಓದಿದ್ದೇವೆ. 2013ರಲ್ಲಿ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗೆಂದು ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಉಕ್ಕುವ ಹೊಳೆ ಈಜಿ ದಡ ಸೇರಿದಳು. ನಾವೆಲ್ಲ ಅವಳ ಧೈರ್ಯ ಹೊಗಳಿದೆವು. ನಾನೂ ಇಲ್ಲಿ ಕೂತು ಹೊಗಳಿದೆ. ಅವಳಿಗೆ ಅಂಥ ಧೈರ್ಯ ಯಾಕೆ ಬೇಕಾಯಿತು ಅಂತ ನನ್ನನ್ನು ನಾನು ಅಂದು ಕೇಳಿಕೊಂಡಿರಲಿಲ್ಲ. ಅದು ಈಗ ಚುಚ್ಚುತ್ತದೆ.

ಮಗನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಜ್ಜಿಯ ಹತ್ತಿರ ಹೋಗಿ ಕೇಳಿದ.

"ಆಯಿ, ಸೋರೆಕಾಯಿ ಕಟ್ಕೊಂಡ್ರ ಖರೇನ ತೇಲ್ತಾರ?"

"ಒಣಗಿದ್ದು ಇರಬೇಕಪ್ಪ. ಹಸೀದು ನಡೆಯಂಗಿಲ್ಲ."

ಭಾನುವಾರ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಮೂವರೂ ಇಳಿದು ಹೋದೆವು. ಒಣಗಿದ ಬುರುಡೆ ಎಲ್ಲಿ ಸಿಗಬೇಕು? ಹಾಲಿನ ಎರಡು ಖಾಲಿ ಕ್ಯಾನುಗಳ ಮುಚ್ಚಳ ಬಿಗಿದು, ಅವ್ವ ತನ್ನ ಹಳೆಯ ಸೀರೆಯ ಅಂಚು ಹರಿದು ಅವನ ಎದೆಗೆ ಕಟ್ಟಿದಳು. ಗಂಟು ಎರಡು ಸಲ ಜಗ್ಗಿ ನೋಡಿದಳು. ನಾನು ನೀರಿನಲ್ಲಿ ಅವನ ಪಕ್ಕದಲ್ಲೇ ನಿಂತಿದ್ದೆ.

"ಕೈ ಬಡೀಬ್ಯಾಡ ನನ್ನಪ್ಪ. ಎದಿ ಬುರುಡಿ ಮ್ಯಾಲ ಇಡು, ಕಾಲು ಸಣ್ಣಗ ಆಡಸು," ಅಂತ ಅವ್ವ ದಂಡೆಯ ಗುಂಟ ಅವನ ಜೊತೆಜೊತೆಗೇ ನಡೆಯುತ್ತಿದ್ದಳು. ಆಚೆ ಗೋಡೆ ಮುಟ್ಟಿದವನು ಏದುಸಿರು ಬಿಡುತ್ತ ತಿರುಗಿ ನೋಡಿ, ಇದಕ್ಕಿಂತ ಹೊಳೆ ಎಷ್ಟು ಅಗಲ ಅಂತ ಕೇಳಿದ. ಅವ್ವ ಕೊಳವನ್ನೊಮ್ಮೆ ನೋಡಿ, ಕೈ ಎತ್ತಿ, ರಸ್ತೆಯಾಚೆ ದೂರದಲ್ಲಿ ಕಾಣುತ್ತಿದ್ದ ಅವನ ಶಾಲೆಯ ಕಡೆ ತೋರಿಸಿದಳು.