ಬಿಸುವಿನ ಸೆಕೆಯಲ್ಲಿ ಶಾಲು

12 ಏಪ್ರಿಲ್ 2024, ಶುಕ್ರವಾರ
ನೀರ್ಚಾಲು

ನಾಡಿದ್ದು ಬಿಸು, ನಮ್ಮ ಕಡೆಯ ಹೊಸ ವರ್ಷ. ಮೈಗೆ ಅಂಟುವ ಸೆಕೆ. ನಾವೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದರೆ ಅಮ್ಮ ಶಾಲು ಹೊದ್ದು ಜಗಲಿಯಲ್ಲಿ ಕೂತಿರುತ್ತಾಳೆ. ತಿಂಗಳಿಂದ ಹೀಗೇ. ನಾವು ನೋಡಿದ್ದೇವೆ, ನಕ್ಕಿದ್ದೇವೆ, ಅಷ್ಟೇ.

ಅವಳಿಗೆ 74. ಹಗಲೂ ತೂಕಡಿಕೆ, ಮಲಬದ್ಧತೆ, ಒಣಗಿ ಬಿರಿದ ಚರ್ಮ, ಒಲೆಯ ಮೇಲೆ ಹಾಲಿಟ್ಟು ಮರೆಯುವುದು. ಒಂದೊಂದಕ್ಕೂ 'ವಯಸ್ಸಾಯ್ತಲ್ಲ' ಎಂಬ ಉತ್ತರ ಸಿದ್ಧವಾಗಿತ್ತು. ಮೊದಲು ತೋರಿಸಿದ ಡಾಕ್ಟರೂ ಅದನ್ನೇ ಹೇಳಿ ಟಾನಿಕ್ ಬರೆದಿದ್ದರು. ಕೊನೆಗೆ ಬೆಂಗಳೂರಿನಿಂದ ಫೋನ್ ಮಾಡಿದ ತಂಗಿ, "ಯಾರು ಮಾತಾಡ್ತಿರೋದು? ಇದು ಅಮ್ಮನ ಸ್ವರವೇ ಅಲ್ಲ" ಎಂದಳು. ದಿನವೂ ಕೇಳುವ ನಮ್ಮ ಕಿವಿಗೆ ಸ್ವರ ದಪ್ಪಗಾದದ್ದು ಗೊತ್ತೇ ಆಗಿರಲಿಲ್ಲ.

ಕಳೆದ ವಾರ ಕಾಸರಗೋಡಿಗೆ ಕರೆದುಕೊಂಡು ಹೋದೆ. "ತಣುಪ್ಪುಂಡೋ ಅಮ್ಮೇ?" (ಚಳಿ ಆಗ್ತದಾ ಅಮ್ಮಾ?) ಎಂದು ಡಾಕ್ಟರ್ ಮಲಯಾಳದಲ್ಲಿ ಕೇಳಿದರು. ಅಮ್ಮ ಶಾಲು ಬಿಗಿಮಾಡಿಕೊಂಡು, "ಸ್ವಲ್ಪ" ಎಂದಳು. ಅವರು ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ತಟ್ಟಿದರು. ಪಾದ ಟಕ್ಕೆಂದು ಕೆಳಗೆ ಹೋಯಿತು, ಆದರೆ ವಾಪಸ್ ಬರಲು ಪುರುಸೊತ್ತು ಮಾಡಿಕೊಂಡಿತು. ನಿಧಾನ ನನಗೂ ಕಂಡಿತು. "ಥೈರಾಯ್ಡ್ ನೋಡೋಣ" ಎಂದರು.

ಟಿಎಸ್‌ಎಚ್ 42. ಲ್ಯಾಬಿನ ಕಾಗದದಲ್ಲಿ ಮೇಲಿನ ಗಡಿ 4.5. ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನು, ಫ್ರೀ ಟಿ4, ಮಾತ್ರ ತೀರಾ ಕಡಿಮೆ. ಗ್ರಂಥಿ ಸೋತಿದೆ, ಮಿದುಳು ಅದನ್ನು ಜೋರಾಗಿ ಕೂಗಿ ಕರೆಯುತ್ತಿದೆ, ಆ ಕೂಗೇ ಟಿಎಸ್‌ಎಚ್ ಅಂತೆ. ಈ ವಿವರಣೆ ನನಗೆ ಇಷ್ಟವಾಯಿತು.

ಜೊತೆಗೆ ಬಂದಿದ್ದ ಅತ್ತೆ (ಅಪ್ಪನ ಅಕ್ಕ, ನಮ್ಮಲ್ಲೇ ಇರುವವರು, 78) "ನನಗೂ ಸುಸ್ತು" ಎಂದು ಹಟ ಹಿಡಿದು ರಕ್ತ ಕೊಟ್ಟಿದ್ದರು. ಅವರದ್ದು 6.1, ಟಿ4 ಸರಿಯಾಗಿಯೇ ಇದೆ. ಕಾಗದದಲ್ಲಿ ಅದಕ್ಕೂ ದಪ್ಪ ಅಕ್ಷರ. ಆದರೆ ಡಾಕ್ಟರ್ ಮಾತ್ರೆ ಬರೆಯಲಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ, ಎಷ್ಟೋ ಸಲ ತಾನಾಗಿ ಇಳಿಯುತ್ತದೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಸುಮ್ನೆ ಮಾತ್ರೆ ನುಂಗಿ ಅದು ಜಾಸ್ತಿಯಾದರೆ ಎದೆಬಡಿತ ತಪ್ಪಬಹುದು, ಎಲುಬು ಸವೆಯಬಹುದು. ಮನೆಗೆ ಬಂದು ನಾನೂ ಹುಡುಕಿ ಓದಿದೆ. 2017ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದರಲ್ಲಿ, ಅತ್ತೆಯಂಥ 65 ದಾಟಿದ 737 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟಿದ್ದರು. ವರ್ಷ ಕಳೆದರೂ ಸುಸ್ತಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಅತ್ತೆಗೆ ಹೇಳಿದೆ. "ಯುರೋಪಿನವರು ಅಡಿಕೆ ಹೆಕ್ಕುತ್ತಾರಾ?" ಎಂದರು.

ಅಮ್ಮನಿಗೆ ದಿನಕ್ಕೆ 25 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ. ವಯಸ್ಸಾದ ಹೃದಯಕ್ಕೆ ಒಮ್ಮೆಲೇ ಭಾರ ಬೀಳಬಾರದಂತೆ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ, ಆಮೇಲೆ ಸ್ವಲ್ಪ ಏರಿಸುವುದು. ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ದಾಟಿಸಿದ್ದೇನೆ, ಎರಡೂ ಒಟ್ಟಿಗೆ ಹೋದರೆ ಇದು ಮೈಗೆ ಹಿಡಿಯುವುದಿಲ್ಲ.

ಇವತ್ತು ಮೊದಲ ಮಾತ್ರೆ. ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಒಂದು ಗಂಟೆ ಕಾಫಿ ಕುಡಿಯುವಂತಿಲ್ಲ. ಐದಕ್ಕೇ ಕಾಫಿ ಬೇಕೆನ್ನುವ ಅಮ್ಮ ಶಾಲು ಹೊದ್ದು ಗಡಿಯಾರ ನೋಡುತ್ತಾ ಕೂತಳು. ಅತ್ತೆ ಎದುರಿಗೇ ಕೂತು, ಬೇಕೆಂದೇ ಸೊರ್ ಸೊರ್ ಸದ್ದು ಮಾಡುತ್ತಾ ಕಷಾಯ ಕುಡಿದರು.