ಹನ್ನೆರಡು ಹೆಸರಿನ ಚೀಟಿ

ಊಟದ ಬಿಡುವಿನಲ್ಲಿ ಮನಿಲಾದ ಸಹೋದ್ಯೋಗಿ ತಾನು ಮತ ಹಾಕುವವರ ಹೆಸರಿನ ಚೀಟಿ ಬರೆಯುತ್ತಾ ಕುಳಿತಿದ್ದಳು. ಮೇ 12, 2025ಕ್ಕೆ ಫಿಲಿಪೈನ್ಸ್ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಚುನಾವಣೆ ಇತ್ತು.

24 ಸ್ಥಾನಗಳಲ್ಲಿ ಅರ್ಧಕ್ಕೆ ಮತದಾನ. ಒಬ್ಬೊಬ್ಬರೂ 12 ಜನರನ್ನು ಆರಿಸಬಹುದು. ಕಣದಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ!

ಮೊದಲ ಕೆಲವು ಹೆಸರುಗಳು ಸರಾಗವಾಗಿ ಬಂದವು. ಏಳನೆಯದಕ್ಕೆ ಪೆನ್ನು ನಿಂತಿತು. ಮೊಬೈಲ್ ತೆಗೆದು ಪಲ್ಸ್ ಏಷ್ಯಾ ಎಂಬ ಸಂಸ್ಥೆಯ ಚುನಾವಣಾ ಸಮೀಕ್ಷೆ ನೋಡಿದಳು, ಮುಂದಿರುವವರನ್ನೇ ತುಂಬಿಸತೊಡಗಿದಳು.

"ಸೋಲುವವರಿಗೆ ಹಾಕಿ ಏನು ಪ್ರಯೋಜನ?"

ಸಮೀಕ್ಷೆಗೆ ಉತ್ತರಿಸಿದವರು 2,400 ಜನ. ಅವರಲ್ಲೂ ಎಷ್ಟೋ ಮಂದಿ ಹಿಂದಿನ ಸಮೀಕ್ಷೆ ನೋಡಿಯೇ ಹೆಸರು ಹೇಳಿರಬಹುದಲ್ಲವೇ? ಯಾರು ಯಾರನ್ನು ಅಳೆಯುತ್ತಿದ್ದಾರೋ!

ನಮ್ಮಲ್ಲಿ ಒಂದೇ ಗುಂಡಿ ಒತ್ತುವುದಕ್ಕೆ ಮನೆಯಲ್ಲಿ ವಾರವಿಡೀ ಜಗಳ.

ಹನ್ನೊಂದನೆಯ ಹೆಸರಿಗೆ ನನ್ನನ್ನೇ ಕೇಳಿದಳು. ನನಗೆ ಗೊತ್ತಿದ್ದದ್ದು ಬಾಕ್ಸರ್ ಮ್ಯಾನಿ ಪಕ್ಯಾವೊ ಒಬ್ಬರೇ. ಅವರೂ ಕಣದಲ್ಲಿದ್ದರಂತೆ. ಬರೆದಳೋ ಬಿಟ್ಟಳೋ, ತೋರಿಸಲಿಲ್ಲ.